ದುಂಡಪ್ಪ ಆರಿಸಿದ ಕೊಡಲಿ

ಪರಮಪೂಜ್ಯ ಶಾಂತವೀರಮ್ಮ ತಾಯಿಯವರ ನೆಲೆ ದೊಡ್ಡ ಮಠವೇನಲ್ಲ. ಮಲಪ್ರಭೆಯ ದಂಡೆಯ ದಿಬ್ಬದ ಮೇಲೆ ಮಣ್ಣಿನ ಮಾಳಿಗೆಯ ಒಂದು ಮನೆ, ಮುಂದೆ ಅಂಗಳ, ಅಂಗಳದ ಒಂದು ಮೂಲೆಯಲ್ಲಿ ದಾಸೋಹದ ಮೂರು ಒಲೆ. ಭಕ್ತರೆಲ್ಲ ಅವರನ್ನು ಅವ್ವನವರು ಎಂದೇ ಕರೆಯುತ್ತಿದ್ದರು. ಹಸಿದು ಬಂದವರು ಯಾರೇ ಇರಲಿ, ಉಣ್ಣದೆ ಹಿಂದಿರುಗಬಾರದು ಎಂಬುದು ಅವ್ವನವರ ವ್ರತ. ಅವರು ನೀರಿನಿಂದ ದೀಪ ಉರಿಸಿದರು, ಹುಚ್ಚು ಹೋರಿಯನ್ನು ಕಣ್ಸನ್ನೆಯಲ್ಲಿ ನಿಲ್ಲಿಸಿದರು ಎಂದೆಲ್ಲ ಹೇಳುವವರಿದ್ದಾರೆ. ಹೇಳಲಿ ಬಿಡಿ, ಅಲ್ಲವೆನ್ನಲು ನಾನ್ಯಾರು? ನಾನು ಬರೆಯುತ್ತಿರುವುದು ಒಂದು ಕೊಡಲಿಯ ಸಂಗತಿ. ಇದನ್ನು ನನಗೆ ಹೇಳಿದವನು ಆ ಕೊಡಲಿಯನ್ನು ಆರಿಸಿದ ದುಂಡಪ್ಪನೇ. ತನ್ನ ಮುಪ್ಪಿನಲ್ಲಿ, ಒಂದು ಮಾತನ್ನೂ ಮುಚ್ಚಿಡದೆ ಹೇಳಿದ.

ದಾಸೋಹಕ್ಕೆ ಕಟ್ಟಿಗೆ ಒಡೆಯುವ ಸೇವೆ ಹದಿನಾಲ್ಕು ವರ್ಷಗಳಿಂದ ಈ ದುಂಡಪ್ಪನದಾಗಿತ್ತು. ಆಳು ಗಟ್ಟಿ, ಮಾತು ಕಡಿಮೆ. ಕೊಡಲಿ ಆರಿಸುವುದರಲ್ಲಿ ಅವನನ್ನು ಮೀರಿಸಿದವರು ಆ ಸೀಮೆಯಲ್ಲೇ ಇರಲಿಲ್ಲ. ಸಂತೆಗೆ ಹೊರಟ ರೈತರು "ಬಾರೋ ದುಂಡಪ್ಪ, ನಿನ್ನ ಕಣ್ಣು ಬೇಕು" ಎಂದು ಕರೆದುಕೊಂಡು ಹೋಗುತ್ತಿದ್ದರು. ಅವನು ಮೊದಲು ಕಬ್ಬಿಣ ನೋಡುತ್ತಿದ್ದ. ಟೊಂಗೆ ಕಡಿಯುವುದಕ್ಕೆ ತೆಳ್ಳಗಿನದು ನಡೆದೀತು, ಆದರೆ ಕೊರಡು ಸೀಳುವ ಕೊಡಲಿಗೆ ಹೊಟ್ಟೆ ದಪ್ಪ ಇರಬೇಕು; ಇಲ್ಲವಾದರೆ ಹೊಡೆದಾಗಲೆಲ್ಲ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕಾವು, ಅಂದರೆ ಹಿಡಿಕೆ. ಅದನ್ನು ಕೆನ್ನೆಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ತಣ್ಣಗೆ ತಗುಲಿದರೆ ಒಳಗೆ ಇನ್ನೂ ಹಸಿ ಇದೆ ಎಂದರ್ಥ. ಹಸಿ ಕಾವು ಸಂತೆಯಲ್ಲಿ ಬಿಗಿಯಾಗಿಯೇ ಕೂತಿರುತ್ತದೆ. ನಾಲ್ಕು ವಾರ ಬಿಸಿಲುಂಡರೆ ಸೊರಗುತ್ತದೆ, ಎತ್ತಿದ ಕೊಡಲಿಯಿಂದ ಕಬ್ಬಿಣ ಕಳಚಿ ಎದುರಿಗಿದ್ದವರ ಮೈಮೇಲೆ ಹಾರುತ್ತದೆ.

ದಿನವೂ ಬೆಳಿಗ್ಗೆ ಅವ್ವನವರು ಒಂದು ಬಟ್ಟಲು ಅಂಬಲಿಯನ್ನು ತಾವೇ ಹಿಡಿದುಕೊಂಡು ಕಟ್ಟಿಗೆಯ ಒಟ್ಟಿಲಿನ ಬಳಿಗೆ ಬರುತ್ತಿದ್ದರು. "ದುಂಡಪ್ಪ, ಕುಡಿ" ಎನ್ನುತ್ತಿದ್ದರು. ಅಷ್ಟೇ. ಆ ಎರಡು ಮಾತಿನ ಮೇಲೆ ಅವನ ಹದಿನಾಲ್ಕು ವರ್ಷ ನಡೆದಿತ್ತು.

ಒಂದು ಮಾಘ ಮಾಸದಲ್ಲಿ ಯಮನೂರ ಎಂಬೊಬ್ಬ ದಿಬ್ಬ ಹತ್ತಿ ಬಂದ. ಹೆಂಡತಿ ತೀರಿಕೊಂಡ ಮೇಲೆ ಊರೂರು ಅಲೆದು ಕಟ್ಟಿಗೆ ಕಡಿದು ಬದುಕಿದವನು. ಹೊತ್ತುಕೊಂಡು ಬಂದದ್ದು ಒಂದು ಕಂಬಳಿ ಮಾತ್ರ. ಅವ್ವನವರು ಊಟ ಹಾಕಿಸಿ, "ಇಲ್ಲೇ ಇರು" ಎಂದರು. ಮೂರನೆಯ ಬೆಳಿಗ್ಗೆ ಅಂಬಲಿಯ ಬಟ್ಟಲು ದುಂಡಪ್ಪನನ್ನು ದಾಟಿಕೊಂಡು ಮುಂದೆ ಹೋಯಿತು.

"ಕುಡಿಯೋ ನನ್ನಪ್ಪಾ, ದಣಿದಿದ್ದಿ" ಎಂದರು ಅವ್ವನವರು, ಯಮನೂರನಿಗೆ.

ನನ್ನಪ್ಪಾ! ದುಂಡಪ್ಪನ ಕೈಯಲ್ಲಿ ಎತ್ತಿದ ಕೊಡಲಿ ಹಾಗೆಯೇ ನಿಂತಿತು. ಹಿಂದೆಯೇ ಅವನ ಬಟ್ಟಲೂ ಬಂತು, ಅಂಬಲಿಯೂ ಅದೇ, ಬಿಸಿಯೂ ಅದೇ. ಆದರೆ ಅವನು ಕುಡಿಯದೆ ಕೊರಡಿನ ಮೇಲಿಟ್ಟ. ಹದಿನಾಲ್ಕು ವರ್ಷದಲ್ಲಿ ತನಗೊಮ್ಮೆಯಾದರೂ ಹಾಗೆ ಅಂದಿದ್ದುಂಟೇ? ಮೊನ್ನೆ ಬಂದವನು ನನ್ನಪ್ಪ, ನಾನು ಬರೀ ದುಂಡಪ್ಪ! "ಒಲಿಯಾಗ ಉರಿದದ್ದು ಕಟ್ಟಿಗಿ, ತಮ್ಮಾ. ಅದರಕಿಂತ ಜೋರು ಉರಿದದ್ದು ನನ್ನ ಹೊಟ್ಟಿ" ಎಂದ ಮುದುಕ ದುಂಡಪ್ಪ, ಇದನ್ನು ಹೇಳುವಾಗ ನನ್ನ ಮುಖ ನೋಡದೆ.

ಅಂದಿನಿಂದ ಅವನಿಗೆ ಬೇರೆ ಕೆಲಸವೇ ಬೇಡವಾಯಿತು. ಅವ್ವನವರು ಯಮನೂರನ ಕಡೆ ಎಷ್ಟು ಸಲ ನೋಡಿದರು, ಅವನ ರೊಟ್ಟಿಯ ಮೇಲೆ ಬೆಣ್ಣೆ ಎಷ್ಟು ಬಿತ್ತು, ಇದೇ ಧ್ಯಾನ. ಓದುಗ ಮಹಾಶಯರು ನಗಬೇಡಿರಿ. ಗುರುವಿನ ಸನ್ನಿಧಿಯಲ್ಲಿ ಪಕ್ಕದವನ ತಟ್ಟೆಯನ್ನು ಓರೆಗಣ್ಣಿನಿಂದ ನೋಡದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? ನಾನಂತೂ ಇಲ್ಲ.

ವಾರ ಕಳೆಯಿತು. ಅವ್ವನವರು ದುಂಡಪ್ಪನನ್ನು ಕರೆದು, "ಯಮನೂರಗ ಒಂದು ಕೊಡಲಿ ಬೇಕು. ಸಂತಿಗಿ ಹೋಗಿ ನೀನ ಆರಿಸಿ ತಾ" ಎಂದು ಅಪ್ಪಣೆ ಮಾಡಿದರು.

ದುಂಡಪ್ಪ ಸಂತೆಗೆ ಹೋದ. ಹೋದವನಿಗೆ ಮೊದಲನೆಯ ಕಮ್ಮಾರನ ಬಳಿಯೇ ಒಳ್ಳೆಯ ಕೊಡಲಿ ಕಂಡಿತು. ದಪ್ಪ ಹೊಟ್ಟೆ, ಒಣಗಿದ ಜಾಲಿಯ ಕಾವು. ಕಂಡರೂ ಕಾಣದವನಂತೆ ಮುಂದೆ ನಡೆದ. ಬಿಸಿಲಲ್ಲಿ ಮೂರು ಸುತ್ತು ಹಾಕಿದ. ಕಂಡ ಕಂಡ ಕಾವನ್ನೆಲ್ಲ ಕೆನ್ನೆಗೆ ಹಚ್ಚಿ ನೋಡಿದ. ಕೊನೆಗೆ, ಮಧ್ಯಾಹ್ನ ತಿರುಗಿದ ಮೇಲೆ, ಬೇಕಾದದ್ದು ಸಿಕ್ಕಿತು: ಕನ್ನಡಿಯಂತೆ ಹೊಳೆಯುವ ತೆಳ್ಳನೆಯ ಕಬ್ಬಿಣ, ಕೆನ್ನೆಗೆ ಹಚ್ಚಿದರೆ ಬಾವಿಯ ನೀರಿನಷ್ಟು ತಣ್ಣನೆಯ ಕಾವು. ಆ ಸಂತೆಯಲ್ಲಿ ಅದಕ್ಕಿಂತ ಕೆಟ್ಟ ಕೊಡಲಿ ಇರಲಿಲ್ಲ. ಅದನ್ನೇ ಹೆಗಲಿಗೇರಿಸಿಕೊಂಡು ಬಂದ.

ಯಮನೂರ ಎರಡೂ ಕೈಯಿಂದ ಇಸಕೊಂಡು ಹಣೆಗೆ ಒತ್ತಿಕೊಂಡ. ಕಾವನ್ನೊಮ್ಮೆ ಸವರಿದ. "ಛಲೋ ಐತ್ರಿ ಅಣ್ಣಾರ" ಎಂದ.

ಮರುದಿನದಿಂದ ಅವನೊಂದು ಚಾಳಿ ಹಿಡಿದ. ತನ್ನ ಕೊರಡನ್ನು ಅಂಗಳದ ಗೋಡೆಯ ಹತ್ತಿರಕ್ಕೆ ಉರುಳಿಸಿಕೊಂಡು ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿಯೇ ಕಟ್ಟಿಗೆ ಒಡೆಯುವುದು. ಕೊಡಲಿ ಹೊಡೆತಕ್ಕೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಕಾಲಿನಿಂದ ಒತ್ತಿ ಕಿತ್ತು ಮತ್ತೆ ಹೊಡೆಯುತ್ತಿದ್ದ. ದುಂಡಪ್ಪನಿಗೆ ಹಬ್ಬವೋ ಹಬ್ಬ. "ನೋಡ್ರೆವಾ, ಹೊಸಾ ಮದುಮಗಳು ನಾಚಿ ಗ್ವಾಡಿ ಕಡಿ ಹೊಳ್ಳ್ಯಾಳ" ಎಂದು ಬದನೆಕಾಯಿ ಹೆಚ್ಚುತ್ತಿದ್ದ ಹೆಂಗಸರ ಮುಂದೆ ಛೇಡಿಸಿದ. ಅವರೂ ನಕ್ಕರು. ಯಮನೂರ ತಿರುಗಿ ನೋಡಲಿಲ್ಲ.

ಆದರೆ ಆದದ್ದೇನು? ಯಮನೂರನ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಅವ್ವನವರು ಅವನನ್ನು ಎದುರಿಗೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ, ಆ ಕೈಗಳಿಗೆ ತಾವೇ ಹಚ್ಚಿದರು. ಅಯ್ಯೋ ದೇವರೇ! ದುಂಡಪ್ಪ ಮಾಡಿದ ಕೇಡೇ ಯಮನೂರನಿಗೆ ಅವ್ವನವರ ಕೈಯ ಸ್ಪರ್ಶ ಕೊಡಿಸಿತು. ಅಂದು ದುಂಡಪ್ಪ ಉಣ್ಣದೆ ಎದ್ದ. ಆ ಕೊಡಲಿಯ ಕಬ್ಬಿಣ ಹಾರಲಿ, ಅವನು ಓಡಿಹೋಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಹಾರಿದರೆ ಯಾರಿಗೆ ತಗುಲೀತು ಎಂಬುದು ಆ ಉರಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಚೈತ್ರದ ಬಿಸಿಲು ಏರಿತು. ಕಾವು ಸೊರಗಿತು.

ಒಂದು ದಿನ ಊಟದ ಹೊತ್ತು. ಅಂಗಳದ ತುಂಬ ಜನ ಪಂಕ್ತಿಯಲ್ಲಿ ಕೂತಿದ್ದರು. ಬಾಣಂತಿಯರು, ಮುದುಕರು, ದಾರಿಹೋಕರು. ಅವ್ವನವರು ಎದ್ದು ಗೋಡೆಯ ಬಳಿಗೆ ಬಂದರು.

"ಯಮನೂರಾ, ಕೈ ಹಣ್ಣಾಗ್ಯಾವು. ಇವತ್ತ ನಾ ಒಡೀತೀನಿ, ಕೊಡಲಿ ತಾ."

ಯಮನೂರ ಕೊಡಲಿಯನ್ನು ಬೆನ್ನ ಹಿಂದೆ ಹಿಡಿದ. "ಬ್ಯಾಡ್ರಿ ಅವ್ವಾರ. ನಾನ ಒಡೀತೀನ್ರಿ."

ಅವ್ವನವರು ಕೊಡಲಿಯನ್ನು ಇಸಕೊಂಡರು. ಕೊರಡನ್ನು ಅಂಗಳದ ನಡುವೆ ತರಿಸಿದರು. ಪಂಕ್ತಿಗೆ ಎದುರಾಗಿ ನಿಂತು ಸೆರಗು ಬಿಗಿದರು.

"ಗ್ವಾಡಿ ಕಡಿಗಾದ್ರೂ ಹೊಳ್ಳಿ ನಿಂದರ್ರಿ, ನಿಮ್ಮ ಕಾಲಿಗಿ ಬೀಳತೀನಿ" ಎಂದು ಯಮನೂರ ಕೈ ಮುಗಿದ.

ಅವ್ವನವರು ಅವನನ್ನು ನೋಡಲಿಲ್ಲ, ದುಂಡಪ್ಪನನ್ನು ನೋಡಿದರು. "ಯಾಕ? ಇದು ದುಂಡಪ್ಪ ಆರಿಸಿದ ಕೊಡಲಿ ಅಲ್ಲೇನು?"

ಹಾಗೆ ಕೇಳಿ, ಕೊಡಲಿಯನ್ನು ಎತ್ತಿದರು.

ದುಂಡಪ್ಪನಿಗೆ ಪಂಕ್ತಿಯ ಮುಂದಿನ ಸಾಲು ಕಂಡಿತು. ಅಲ್ಲೊಬ್ಬ ಬಾಣಂತಿ ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಅನ್ನ ಕಲಸುತ್ತಿದ್ದಳು. ಅವನು ಓಡಿದ. ಎಲೆಗಳನ್ನು ತುಳಿದುಕೊಂಡು ಓಡಿ, ಎತ್ತಿದ ಕೊಡಲಿಯನ್ನು ಅವ್ವನವರ ಕೈಯಲ್ಲೇ ಹಿಡಿದುಬಿಟ್ಟ. ಹಿಡಿದ ಅಲುಗಾಟಕ್ಕೇ ಕಬ್ಬಿಣ ಕಳಚಿ ಅವನ ಹೆಗಲಿಗೆ ಬಡಿದು ನೆಲಕ್ಕೆ ಬಿತ್ತು. ಕಾವೊಂದೇ ಮೇಲೆ ಉಳಿಯಿತು.



"ನಾನ ಆರಿಸಿದ್ದು, ಅವ್ವಾ" ಎಂದು ದುಂಡಪ್ಪ ಎಲ್ಲರೂ ಕೇಳುವಂತೆ ಹೇಳಿದ. "ಒಳ್ಳೇದು ಕಣ್ಣಿಗಿ ಬಿದ್ದಿತ್ತು. ಅದನ್ನ ಬಿಟ್ಟು ಮೂರು ಸುತ್ತು ತಿರುಗಿ, ಹುಡುಕಿ ಹುಡುಕಿ ಇದನ್ನ ತಂದೆ. ನನ್ನ ಹೊಟ್ಟಿಕಿಚ್ಚು, ಅವ್ವಾ. ಅವಗ ನನ್ನಪ್ಪಾ ಅಂದ್ರಿ, ಅದು ನನಗ ತಡಕೊಳ್ಳಾಕ ಆಗಲಿಲ್ಲ."

ಹೊರಗೆ ಹಾಕುತ್ತಾರೆ ಎಂದೇ ಅವನು ತಿಳಿದಿದ್ದ. ಜನರಲ್ಲಿ ಕೆಲವರು ಎದ್ದೂ ನಿಂತಿದ್ದರು. ಅವ್ವನವರು ಅವನ ಹೆಗಲಿನ ರಕ್ತಕ್ಕೆ ತಮ್ಮ ಸೆರಗನ್ನು ಒತ್ತಿ ಹಿಡಿದರು.

"ಬಿಸಲಾಗ ಮೂರು ಸುತ್ತು ತಿರುಗಿದೇನು?" ಎಂದರು. "ಎಷ್ಟು ದಣಿದಿಯೋ ನನ್ನಪ್ಪಾ."

ಹದಿನಾಲ್ಕು ವರ್ಷ ಕಾದ ಮಾತು ಅಂಥ ಗಳಿಗೆಯಲ್ಲಿ ಬಂತು. ಅಷ್ಟು ದೊಡ್ಡ ಆಳು ಅಂಗಳದ ನಡುವೆ ಕುಸಿದು ಕೂತು, ಮಗುವಿನ ಹಾಗೆ ಬಿಕ್ಕಿದ.

ಅಳು ನಿಂತ ಮೇಲೆ ಅವನು ಯಮನೂರನನ್ನು ಕೇಳಿದ. "ನಿನಗ ಗೊತ್ತಿತ್ತೇನು?"

"ಮೊದಲನೇ ದಿನಾನ ಗೊತ್ತಾತ್ರಿ ಅಣ್ಣಾರ. ಕಾವು ಹಸೀದಿತ್ತು. ಹಾರಿದರ ಗ್ವಾಡಿಗಿ ಬಡೀಲಿ ಅಂತ ಆ ಕಡೆ ಹೊಳ್ಳಿ ಒಡಿತಿದ್ದೆ."

"ಮತ್ತ ಬಾಯಿ ಯಾಕ ಬಿಡಲಿಲ್ಲ, ಮಾರಾಯಾ?"

ಯಮನೂರ ನೆಲ ನೋಡಿದ. "ಹೇಳಿದರ ನಿಮ್ಮನ್ನ ಇಲ್ಲಿಂದ ಕಳಿಸಿಬಿಟ್ಟಾರು ಅಂತ ಅಂಜಿದ್ನಿರಿ. ಹೋಗಾಕ ಜಾಗಾ ಇಲ್ಲದ ತಿರುಗೂದು ಎಂಥಾದ್ದು ಅಂತ ನಾ ಬಲ್ಲೆ."

ಅವ್ವನವರು ಎಲ್ಲವನ್ನೂ ದಿವ್ಯದೃಷ್ಟಿಯಿಂದ ಅರಿತಿದ್ದರೆಂದು ಭಕ್ತರು ಹೇಳುತ್ತಾರೆ. ಇರಬಹುದು. ದುಂಡಪ್ಪ ಮಾತ್ರ, "ಅವ ಯಾಕ ಗ್ವಾಡಿಗಿ ಹೊಳ್ಳ್ಯಾನ ಅಂತ ಅವರು ದಿನಾ ನೋಡತಿದ್ರು ತಮ್ಮಾ. ನಾ ನೋಡಲಿಲ್ಲ, ಅಷ್ಟ" ಎಂದ.

ಅಂದೇ ದುಂಡಪ್ಪ ತನ್ನ ಹದಿನಾಲ್ಕು ವರ್ಷದ ಕೊಡಲಿಯನ್ನು ತಂದು ಯಮನೂರನ ಕೈಗಿಟ್ಟ. ದುಂಡಪ್ಪನ ಬೆರಳುಗಳು ಕಾವಿನ ಮೇಲೆ ಸವೆಸಿದ ಗುಂಡಿಗಳಲ್ಲಿ ಯಮನೂರನ ಬೆರಳುಗಳು ಕೂತವು. ಆಗ ಅವ್ವನವರು ಇನ್ನೊಂದೇ ಮಾತು ಹೇಳಿದರು: "ದುಂಡಪ್ಪಗ ಕೊಡಲಿ ಬೇಕಲ್ಲ. ಯಮನೂರ ಆರಿಸಲಿ."

ಮುಂದಿನ ಸಂತೆಗೆ ಇಬ್ಬರೂ ಹೋದರು. ದುಂಡಪ್ಪ ಬೇವಿನ ನೆರಳಲ್ಲಿ ಕೂತ. ಒಂದು ಮಾತೂ ಆಡಬಾರದೆಂದು ತಾನೇ ಶಪಥ ಮಾಡಿಕೊಂಡಿದ್ದ. ಯಾವುದು ತಂದರೂ ಹಿಡಿಯುವುದು, ಕೆಟ್ಟದ್ದಾದರೆ ಅದೇ ತನಗೆ ತಕ್ಕದ್ದು ಎಂದುಕೊಂಡಿದ್ದ. ಯಮನೂರ ಬಿಸಿಲಲ್ಲಿ ಒಂದು ಸುತ್ತು ಹಾಕಿದ, ಎರಡು ಹಾಕಿದ, ಮೂರು ಹಾಕಿದ. ಒಂದೊಂದೇ ಕಾವನ್ನು ಕೆನ್ನೆಗೆ ಹಚ್ಚಿ ನೋಡಿದ. ಮಧ್ಯಾಹ್ನ ತಿರುಗಿದ ಮೇಲೆ ಬೆವರು ಸುರಿಸುತ್ತ ಬಂದು ಒಂದು ಕೊಡಲಿಯನ್ನು ಕೊಟ್ಟ. ಆ ಸಂತೆಯಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ ಎಂಬುದು ದುಂಡಪ್ಪನಿಗೆ ಮುಟ್ಟಿದ ಕೂಡಲೇ ತಿಳಿಯಿತು.

ನಾನು ದುಂಡಪ್ಪನನ್ನು ಕಂಡಾಗ ಅವ್ವನವರು ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿದ್ದವು. ಯಮನೂರನೂ ಹೋಗಿದ್ದ. ಮುದುಕ ಕಥೆ ಮುಗಿಸಿ, ಮೂಲೆಯಲ್ಲಿ ಒರಗಿಸಿದ್ದ, ಯಮನೂರ ಆರಿಸಿಕೊಟ್ಟ ಕೊಡಲಿಯನ್ನು ತಂದು ನನ್ನ ಕೈಗೆ ಕೊಟ್ಟ.

"ಕೆನ್ನಿಗಿ ಹಚ್ಚಿ ನೋಡು, ತಮ್ಮಾ" ಎಂದ.

ಹಚ್ಚಿದೆ. ಬೆಚ್ಚಗಿತ್ತು.