ಒಂಟೆಯ ನಾಲಿಗೆಯಡಿ ಇದ್ದ ಮಾತು

ಭೂಮಿಯ ಹಸಿ ಇನ್ನೂ ಆರದಿದ್ದ ಕಾಲ. ಆಗ ಒಂಟೆಗೂ ಮಾತಿತ್ತು, ಗಾಳಿಗೂ ಮಾತಿತ್ತು. ಮರಳುಗಾಡಿನ ಗಾಳಿಗೆ ಮಾತ್ರ ಒಂದು ಕೆಟ್ಟ ಚಾಳಿ. ಯಾರಾದರೂ ಬಾಯಿ ತೆರೆದರೆ ಸಾಕು, ಒಳಗಿನ ಮಾತನ್ನು ಕಿತ್ತುಕೊಂಡು ಓಡುತ್ತಿತ್ತು. ಹಾಗೆ ಹೋದ ಮಾತು ಮತ್ತೆ ಯಾರ ನೆನಪಿಗೂ ಬರುತ್ತಿರಲಿಲ್ಲ.

ಸಲಾರ್ ಎಂಬ ಜನ ಆ ಮರಳುಗಾಡು ದಾಟಿ ಮೂಡಣದ ದೊಡ್ಡ ಹೊಳೆಯ ಕಡೆ ಹೊರಟಿದ್ದರು. ಬೆಳಿಗ್ಗೆ ಡೇರೆ ಬಿಚ್ಚುವ ಮುಂಚೆ ತಮ್ಮ ಮಾತುಗಳನ್ನೆಲ್ಲ ಜೊತೆಗಿದ್ದ ಬಿಳಿ ಒಂಟೆಯ ಬಾಯಲ್ಲಿಟ್ಟು, ತಮ್ಮ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಡೇರೆಯೊಳಗೆ ಅವನ್ನು ವಾಪಸು ಪಡೆಯುತ್ತಿದ್ದರು. ಇಟ್ಟು ತೆಗೆಯುವ ಕೆಲಸ ಸೆಲಿಮೆ ಎಂಬ ಮುದುಕಿಯದು.

“ನುಂಗಬೇಡ, ಉಗುಳಬೇಡ, ಸುಮ್ಮನೆ ಮೆಲ್ಲುತ್ತಿರು,” ಎನ್ನುತ್ತಿದ್ದಳು.

“ಅವ್ವಾ, ಉಪ್ಪು ಅನ್ನೋ ಮಾತು ಹಲ್ಲಿಗೆ ಸಿಕ್ಕಿ ಬಾಯಾರ್ತಿದೆ,” ಎಂದು ಒಂಟೆ ಗೊಣಗುತ್ತಿತ್ತು.

“ನೀರು ಅನ್ನೋದನ್ನ ಅದರ ಪಕ್ಕಕ್ಕೆ ಸರಿಸ್ಕೋ. ಎರಡು ಗೂನು ಹೊತ್ತವನಿಗೆ ಎರಡು ಮಾತು ಭಾರವೇನೋ?”

ಎಲ್ಲಕ್ಕಿಂತ ಕೊನೆಗೆ ಒಂದು ಪುಟ್ಟ ಮಾತನ್ನು ನಾಲಿಗೆಯಡಿ ಇಡುತ್ತಿದ್ದಳು. ಮೊಮ್ಮಗಳು ರುಕಿಯೆ ಅವಳನ್ನು ಕರೆಯುವ ಮುದ್ದಿನ ಮಾತು ಅದು. ತಾಯಿ ಸತ್ತ ಆ ಮಗು ಸೆಲಿಮೆಗೆ ಉಳಿದಿದ್ದ ಒಂದೇ ಜೀವ.

ಒಂದು ದಿನ ಮರಳೆದ್ದು ಹಗಲೇ ಕಪ್ಪಾಯಿತು. ಚರ್ಮದ ಚೀಲದಲ್ಲಿ ಹನಿ ನೀರಿಲ್ಲ. ಸೆಲಿಮೆಯ ಬೆನ್ನ ಮೇಲೆ ರುಕಿಯೆಯ ಕತ್ತು ವಾಲತೊಡಗಿತು. ಅಷ್ಟರಲ್ಲಿ ಒಂಟೆಯ ಮೂಗಿಗೆ ಎಡಗಡೆಯಿಂದ ಹೊಳೆಯ ವಾಸನೆ ಬಡಿಯಿತು. ಜನ ಬಲಕ್ಕೆ ತಿರುಗಿದ್ದರು. ಒಂಟೆ ಎಷ್ಟು ಜಗ್ಗಿದರೂ ಹಗ್ಗ ಹಿಡಿದವರು ಬಿಡಲಿಲ್ಲ.

“ಕೂಗೋ ಗೂನಪ್ಪ,” ಗಾಳಿ ಅಣಕಿಸಿತು. “ಕೂಗಿದರೆ ಮಾತೆಲ್ಲ ನನ್ನವು. ಸುಮ್ಮನಿದ್ದರೆ ಮಗು ಮರಳಿನದು.”

ಸೆಲಿಮೆಗೂ ಅದು ಕೇಳಿಸಿತು. ಅವಳು ಮಗುವಿನ ಕಾಲನ್ನು ಒತ್ತಿ ಹಿಡಿದು, ಕೂಗು ಎಂದು ತಲೆಯಾಡಿಸಿದಳು.

“ಸು!” ಒಂಟೆ ಕಿರುಚಿತು. ಸಲಾರರ ಬಾಯಲ್ಲಿ ಸು ಅಂದರೆ ನೀರು. ಕಿರುಚಿದ ರಭಸಕ್ಕೆ ಅದರ ಮೇಲ್ದುಟಿ ಸೀಳಿತು. ಎಲ್ಲರ ಕಿವಿಗೆ ಬಿದ್ದ ಆ ಮಾತು ಉಳಿಯಿತು. ಹಲ್ಲಿನ ಸಂದಿಗೆ ಸಿಕ್ಕಿದ್ದ ಉಪ್ಪು, ಕಲ್ಲು, ದಾರಿ, ಅಂಥವೂ ಉಳಿದವು. ಮಿಕ್ಕವು ಹೊಟ್ಟಿನಂತೆ ಹಾರಿಹೋದವು.

ಜನ ಒಂಟೆ ಜಗ್ಗಿದ ಕಡೆ ತಿರುಗಿದರು, ಹೊಳೆ ಸಿಕ್ಕಿತು. ರುಕಿಯೆ ಕುಡಿದಳು, ಕಣ್ಣು ಬಿಟ್ಟಳು. ಅಜ್ಜಿಯನ್ನು ಕರೆಯಲು ಬಾಯಿ ತೆರೆದಳು. ತೆರೆದೇ ಇದ್ದಳು.

ಸೆಲಿಮೆ ಒಂಟೆಯ ನಾಲಿಗೆಯಡಿ ಬೆರಳಾಡಿಸಿದಳು. ಏನೂ ಇರಲಿಲ್ಲ.

“ಇರು ಅವ್ವಾ, ಹುಡುಕ್ತೀನಿ,” ಎಂದಿತು ಒಂಟೆ. ಅದು ಆಡಿದ ಕೊನೆಯ ಮಾತು ಅದೇ.

ಸೆಲಿಮೆ ಸಾಯುವವರೆಗೂ ರುಕಿಯೆ ಅವಳನ್ನು ತೋಳು ಜಗ್ಗಿಯೇ ಕರೆದಳು.

ಅದಕ್ಕೇ ನೋಡು ಮಗು, ಇಂದಿಗೂ ಒಂಟೆಯ ಮೇಲ್ದುಟಿ ಸೀಳಿದೆ. ಮುಂದೆ ಮೇವಿಲ್ಲದಿದ್ದರೂ ಅದು ದವಡೆಯನ್ನು ಅತ್ತಿತ್ತ ಆಡಿಸುತ್ತ, ನಾಲಿಗೆಯಡಿ ಏನನ್ನೋ ಹುಡುಕುತ್ತಲೇ ಇರುತ್ತದೆ.