ಬಾ ಮತ್ತು ಬಿಡು

‘ಬಿಡು’ ಎಂಬ ಕ್ರಿಯಾಪದಕ್ಕೆ ಯಾರ ಜೊತೆಗಾದರೂ ಇರಬೇಕೆಂಬ ಹಂಬಲ. ಆದರೆ ಅದನ್ನು ಕೇಳಿದವರೆಲ್ಲ ಹಿಡಿದ ಕೈ ಸಡಿಲಿಸಿ ದೂರವಾಗುತ್ತಿದ್ದರು. ಒಮ್ಮೆ ಅದು ‘ಬಾ’ ಎಂಬ ಪದದ ಬಳಿ ಹೋಗಿ, “ನನ್ನನ್ನು ಸೇರಿಸಿಕೊಳ್ಳುವಿರಾ?” ಎಂದು ಕೇಳಿತು.

“ನಾನು ಕರೆಯುವ ಪದ, ನೀನು ಕಳಿಸುವ ಪದ. ನಮ್ಮಿಬ್ಬರಿಗೆ ಹೊಂದದು,” ಎಂದಿತು ಬಾ.

ಅಷ್ಟರಲ್ಲಿ ಸಾಕಮ್ಮ, ಮುನಿಸಿಕೊಂಡು ಹೊರಟ ತಂಗಿಯನ್ನು “ಬಾ ಜವರಿ, ಬಾ” ಎಂದು ಕರೆದಳು. ತಂಗಿ ತಿರುಗಿಯೂ ನೋಡದೆ ಬಸ್ಸು ಹತ್ತಿದಳು.

“ನನ್ನಿಂದಷ್ಟೇ ಆಗದು, ನೀನೂ ಸೇರು,” ಎಂದು ಬಾ ಬೇಡಿತು. ಎರಡೂ ಒಂದಾದವು.

“ಬಂದುಬಿಡೇ ಜವರಿ!” ಸಾಕಮ್ಮ ಬಸ್ಸಿನ ಕಿಟಕಿಯತ್ತ ಕೂಗಿದಳು. ಜವರಿ ಬಸ್ಸಿಳಿದು ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು.

ಬಿಡು ಬೆರಗಾಯಿತು. “ನನ್ನನ್ನು ಕೇಳಿಯೂ ಅವಳು ಏನನ್ನೂ ಬಿಡಲಿಲ್ಲವಲ್ಲ!”

“ಬಿಟ್ಟಳು,” ಎಂದಿತು ಬಾ. “ಮುನಿಸನ್ನು ಬಿಟ್ಟಳು.”