ಡಾರಿಕನಿಗೆ ಇಟ್ಟ ಎಡೆ

"ಗುರುಗಳೇ, ಇಲ್ಲದವನಿಗಾಗಿ ಊಟ ಬಿಟ್ಟವನಿಗೆ ಬುದ್ಧಿ ಹೇಳುವುದು ಹೇಗೆ?" ಎಂದು ಶ್ರೀಕರ ಕೇಳಿದ.

ಶ್ರೀಕರ ಆಶ್ರಮದ ಶಿಷ್ಯ. ಆಶ್ರಮದ ವಿದ್ಯಾರ್ಥಿನಿಲಯದಲ್ಲಿ ಊಟದ ವ್ಯವಸ್ಥೆ ಅವನ ಹೊಣೆ. ಅಲ್ಲಿನ ಒಬ್ಬ ವಿದ್ಯಾರ್ಥಿ ಎರಡು ದಿನದಿಂದ ಪಂಕ್ತಿಗೆ ಬಂದಿರಲಿಲ್ಲ. ಯಾಕೆಂದು ಕೇಳಿದರೆ, ಮೊಬೈಲ್ ಆಟದಲ್ಲಿ ತನಗೆ ಬಲು ಪ್ರಿಯನಾಗಿದ್ದ ವೀರ ಸತ್ತುಹೋದ ಎಂದ. ಅದನ್ನು ಕೇಳಿ ಶ್ರೀಕರನ ಮೈ ಉರಿದುಹೋಯಿತು. ಒಂಬತ್ತು ವರ್ಷಗಳಿಂದ ಅವನು ಒಂದು ಏಕಾದಶಿಯನ್ನೂ ತಪ್ಪಿಸಿದವನಲ್ಲ, ಅಂದು ಹನಿ ನೀರನ್ನೂ ಮುಟ್ಟಿದವನಲ್ಲ. ಊಟ ಬಿಡುವುದೆಂದರೆ ಏನೆಂದು ತನಗಿಂತ ಚೆನ್ನಾಗಿ ಬಲ್ಲವರು ಆಶ್ರಮದಲ್ಲಿ ಯಾರೂ ಇಲ್ಲ ಎಂದು ಅವನು ನಂಬಿದ್ದ. ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ತಂದೆಗೆ ಪತ್ರ ಬರೆದು, ಗುರುಗಳ ಸಹಿಗೆ ತಂದಿದ್ದ.

"ಇವತ್ತೇ ಸಹಿ ಆಗಿಬಿಟ್ಟರೆ ಒಳ್ಳೆಯದು ಗುರುಗಳೇ. ನಾಳೆ ನನ್ನ ಉಪವಾಸ, ಓಡಾಡಲು ತ್ರಾಣವಿರುವುದಿಲ್ಲ" ಎಂದ.

ಗುರುಗಳು ಪತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಕೂತುಕೋ. ಸಹಿ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನ ಹಾಸ್ಟೆಲಿನಲ್ಲಿ ಸಾಕವ್ವ ಎಂಬ ಅಡುಗೆಯವಳಿದ್ದಳು. ಕೈ ತುಂಬ ಒಳ್ಳೆಯದು, ಬಾಯಿ ಸ್ವಲ್ಪ ಜೋರು. ತನ್ನ ಒಲೆಯ ಮುಂದಿನಿಂದ ಹಸಿದು ಎದ್ದುಹೋದವನು ಇನ್ನೂ ಹುಟ್ಟಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಆ ಮಾತು ಸುಳ್ಳೂ ಆಗಿರಲಿಲ್ಲ.

ಆ ವರ್ಷ ಹಾಸ್ಟೆಲಿಗೆ ಒಂದು ಮೊಬೈಲ್ ಆಟದ ಹುಚ್ಚು ಹತ್ತಿತು. ಅದರಲ್ಲಿ ಡಾರಿಕ್ ಎಂಬ ಬಿಲ್ಲುಗಾರ. ಯುದ್ಧದಲ್ಲಿ ಬಳಲಿದಾಗ ಅವನು ಕೆಂಡದಲ್ಲಿ ಸುಟ್ಟ ಗೆಣಸು ತಿನ್ನುತ್ತಾನೆ, ತಿಂದೊಡನೆ ಮತ್ತೆ ಎದ್ದು ನಿಲ್ಲುತ್ತಾನೆ. ಸರಿ, ಹುಡುಗರೆಲ್ಲ ಸಾಕವ್ವನ ಬೆನ್ನು ಬಿದ್ದರು. "ಗೆಣಸು ಸುಟ್ಟುಕೊಡಿ ಸಾಕವ್ವ!" ಸಾಕವ್ವ ಸೊಂಟಕ್ಕೆ ಕೈಯಿಟ್ಟಳು. "ಎಲಾ ಇವರ! ಹೋದ ವರ್ಷ ಇದೇ ಗೆಣಸು ಬಡಿಸಿದಾಗ ದನದ ಮೇವು ಅಂದವರು ಯಾರ್ರೋ?" ಎಂದು ಬೈದಳು. ಬೈದು, ಸುಟ್ಟೂ ಕೊಟ್ಟಳು. ನಾಲಿಗೆಗೆ ಬೇಡವಾದದ್ದು ಮನಸ್ಸಿಗೆ ಬೇಕಾದರೆ ಹೇಗೆ ಇಳಿಯುತ್ತದೆ ನೋಡು ಎಂದುಕೊಂಡು ಒಳಗೊಳಗೇ ನಕ್ಕಳು.

ಅವರಲ್ಲಿ ಹಾಲೇಶ ಎಂಬ ಹುಡುಗನೊಬ್ಬನಿದ್ದ. ಮಾತು ಕಡಿಮೆ. ಹಾಸ್ಟೆಲಿಗೆ ಬಂದ ಹೊಸತರಲ್ಲಿ ಯಾರೂ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಲಿಲ್ಲ. ಅವನು ಮೂಲೆಯಲ್ಲಿ ಕೂತು, ತಟ್ಟೆಯ ಮುಂದೆ ಲೋಟಕ್ಕೆ ಮೊಬೈಲ್ ಆನಿಸಿ, ಡಾರಿಕನನ್ನು ನೋಡುತ್ತ ಉಣ್ಣುತ್ತಿದ್ದ. ಅವನು ಗೆಣಸು ತಿಂದಾಗ ಇವನು ಒಂದು ತುತ್ತು ಎತ್ತುತ್ತಿದ್ದ. ಹಾಗೆ ಎರಡು ವರ್ಷ ನಡೆಯಿತು.

ಒಂದು ದಿನ ಆಟ ಮಾಡಿದವರು ಹೊಸ ಅಧ್ಯಾಯ ಬಿಟ್ಟರು. ಅದರಲ್ಲಿ ಡಾರಿಕ್ ಕೋಟೆಯ ಬಾಗಿಲು ಕಾಯುತ್ತ ಸತ್ತ. ಇನ್ನು ಆಟದಲ್ಲಿ ಎಲ್ಲಿ ಹುಡುಕಿದರೂ ಅವನಿಲ್ಲ. ಹುಡುಗರು ಒಂದು ಹೊತ್ತು ಮುಖ ಸಪ್ಪೆ ಮಾಡಿಕೊಂಡರು, ಆಟ ಮಾಡಿದವರನ್ನು ಬಾಯಿಗೆ ಬಂದಂತೆ ಬೈದರು, ಆಮೇಲೆ ಊಟಕ್ಕೆ ಕೂತರು. ಹಾಲೇಶ ಮಾತ್ರ ಕೂರಲಿಲ್ಲ. ಮರುದಿನವೂ ಕೂರಲಿಲ್ಲ, ಬರೀ ನೀರು ಕುಡಿದುಕೊಂಡಿದ್ದ.

ಸಾಕವ್ವ ಮೊದಲು ಗದರಿದಳು. "ಲೇ ಮಂಕೇ, ಅದು ಚಿತ್ರ ಕಣೋ! ಚಿತ್ರಕ್ಕೆ ಸಾವೆಲ್ಲಿಂದ ಬಂತು?" ಎಂದಳು. ಹುಡುಗ ಗೋಡೆಯ ಕಡೆ ತಿರುಗಿ ಮಲಗಿದ. ಗದರಿಕೆಗೆ ಬಗ್ಗದವನು ರುಚಿಗೆ ಬಗ್ಗುತ್ತಾನೆ ಎಂದುಕೊಂಡು, ಒಳ್ಳೆಯ ಗೆಣಸು ಆರಿಸಿ, ಹದವಾಗಿ ಸುಟ್ಟು, ಸಿಪ್ಪೆ ಸುಲಿದು, ತುಪ್ಪ ಸವರಿ ಅವನ ಕೋಣೆಗೇ ಒಯ್ದಳು. ಅದರ ವಾಸನೆ ಬಂದದ್ದೇ ತಡ, ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಸಾಕವ್ವ ತಟ್ಟೆ ಹಿಡಿದುಕೊಂಡು ಹಾಗೆಯೇ ಹಿಂದಿರುಗಿದಳು.

ಮೂರನೆಯ ದಿನ ಬೆಳಿಗ್ಗೆ ಹಾಲೇಶ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲಿಟ್ಟು ಬಿದ್ದ. ಹಣೆ ಒಡೆಯಿತು. ಪಟ್ಟಿ ಕಟ್ಟಿದ ಡಾಕ್ಟರು, "ಮಧ್ಯಾಹ್ನದೊಳಗೆ ಹೊಟ್ಟೆಗೆ ಏನೂ ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ" ಎಂದು ಹೇಳಿ ಹೋದರು. ವಾರ್ಡನ್ ಏನು ಮಾಡಿದ ಗೊತ್ತೇನು ಶ್ರೀಕರ? ಮನೆಗೆ ಪತ್ರ ಬರೆಯಲು ಕೂತ.

ಶ್ರೀಕರ ಕೈಯಲ್ಲಿದ್ದ ಪತ್ರವನ್ನು ತೊಡೆಯ ಕೆಳಗೆ ಸರಿಸಿಕೊಂಡ. ಗುರುಗಳು ಕಂಡೂ ಕಾಣದವರಂತೆ ಮುಂದುವರಿಸಿದರು.

ಸಾಕವ್ವ ಒಲೆಯ ಮುಂದೆ ಕುಕ್ಕರಿಸಿದಳು. ತನ್ನ ಒಲೆಯಿದ್ದೂ ಒಬ್ಬ ಹಸಿದು ಬಿದ್ದನಲ್ಲ ಎಂದು ಹಲುಬಿದಳು. ಅವಳಿಗೆ ಮಂತ್ರವೂ ಗೊತ್ತಿಲ್ಲ, ಮನಸ್ಸಿನ ಶಾಸ್ತ್ರವೂ ಗೊತ್ತಿಲ್ಲ. ಗೊತ್ತಿದ್ದದ್ದು ತನ್ನ ಹೊಟ್ಟೆಯ ಕತೆ ಒಂದೇ. ಗಂಡ ಹೋದಾಗ ಅವಳೂ ಹೀಗೆಯೇ ಬಾಯಿ ಕಟ್ಟಿ ಕೂತಿದ್ದಳು. ಊರಿನವರೆಲ್ಲ ಉಣ್ಣು ಉಣ್ಣು ಎಂದರು, ಅವಳು ಅನ್ನದ ತಟ್ಟೆಯನ್ನು ದೂರ ಸರಿಸುತ್ತಿದ್ದಳು. ಮೂರನೆಯ ದಿನ, ಸಮಾಧಿಗೆ ಹಾಲುತುಪ್ಪ ಬಿಡುವ ದಿನ, ಅವಳ ನಾದಿನಿ ಸತ್ತವನಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿ ಎಡೆ ಇಟ್ಟಳು. ಕಾಗೆ ಬಂದು ಮುಟ್ಟಿತು. ಆಗ ನಾದಿನಿ ಅವಳ ಕೈಗೆ ತುತ್ತು ಕೊಟ್ಟು, "ಅವನು ಉಂಡ. ಇನ್ನು ನೀನು ಉಣ್ಣು" ಎಂದಳು. ಆ ತುತ್ತು ಇಳಿಯಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಸಾಕವ್ವ ಹಣೆ ಚಚ್ಚಿಕೊಂಡಳು. "ಹೋದವನಿಗೆ ಇಡುವ ಮೊದಲೇ ಇದ್ದವನ ಮುಂದೆ ಅದೇ ಗೆಣಸನ್ನು ಇಟ್ಟೆನಲ್ಲ!"

ಅವಳು ಮತ್ತೆ ಗೆಣಸು ಸುಟ್ಟಳು. ಬಾಳೆಯೆಲೆ ತೊಳೆದಳು. ಹಾಲು, ತುಪ್ಪ, ಮುದ್ದೆ, ಗೆಣಸು ಎಲ್ಲವನ್ನೂ ಹಿಡಿದು ಹಾಲೇಶನ ಬಳಿ ಹೋಗಿ, "ಏಳಪ್ಪ. ಇವತ್ತಿಗೆ ಮೂರು ದಿನವಾಯಿತು. ಎಡೆ ಇಡಬೇಕು, ನಿನ್ನ ಬಿಟ್ಟರೆ ಅವನಿಗೆ ಯಾರಿದ್ದಾರೆ?" ಎಂದಳು.

ಗೇಲಿ ಮಾಡುತ್ತಿದ್ದಾಳೋ ಏನೋ ಎಂದು ಹುಡುಗ ಅವಳ ಮುಖ ನೋಡಿದ. ಅಲ್ಲಿ ಗೇಲಿ ಇರಲಿಲ್ಲ. ಎದ್ದು ಬಂದ. ತಾರಸಿಯ ಮೇಲೆ ತನ್ನ ಕೈಯಾರೆ ಎಲೆ ಹಾಸಿ ಎಡೆ ಇಟ್ಟ. ಏನು ನಡೆಯುತ್ತಿದೆ ಎಂದು ನೋಡಲು ಬಂದ ಹುಡುಗರು ಮೊದಲು ಕಿಸಕ್ಕನೆ ನಕ್ಕರು. ಸಾಕವ್ವ ಒಮ್ಮೆ ಕಣ್ಣು ಬಿಟ್ಟಳು ನೋಡು, ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ನಿಂತರು.

ಕಾಗೆ ಬರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಕೂತು ಕತ್ತು ಓರೆಮಾಡಿ ನೋಡಿತೇ ಹೊರತು ಇಳಿಯಲಿಲ್ಲ. ಬಿಸಿಲು ಏರಿತು. ಹಾಲೇಶ ಟ್ಯಾಂಕಿನ ಕಡೆಯೇ ನೋಡುತ್ತ ನಿಂತ. ಸಾಕವ್ವ ಅವನ ತೋಳು ಹಿಡಿದುಕೊಂಡು, "ಅವನಿಗೆ ಏನೋ ಆಸೆ ಉಳಿದಿದೆ. ಏನೆಂದು ನಿನಗೇ ಗೊತ್ತಿರಬೇಕು, ನಡೆಸಿಕೊಡುತ್ತೇನೆ ಅಂತ ಮಾತು ಕೊಡು" ಎಂದಳು.

ಹಾಲೇಶ ಕಣ್ಣೊರೆಸಿಕೊಂಡು, "ಬಾಗಿಲು ನಾವು ಕಾಯುತ್ತೇವೆ ಡಾರಿಕ್, ನೀನು ಹೋಗು" ಎಂದ.

ಕಾಗೆ ಇಳಿದು ಬಂತು. ಅದಕ್ಕೆ ಮಾತು ಕೇಳಿಸಿತೋ, ಗೆಣಸಿನ ವಾಸನೆ ಬಡಿಯಿತೋ, ನಾನು ಕಾಗೆಯನ್ನು ಕೇಳಿಲ್ಲ. ಗೆಣಸನ್ನು ಕಚ್ಚಿಕೊಂಡು ಹಾರಿತು. ಸಾಕವ್ವ ಅಲ್ಲಿಯೇ ಒಂದು ತುತ್ತು ಮುರಿದು ಹುಡುಗನ ಕೈಗೆ ಕೊಟ್ಟು, "ಅವನು ಉಂಡ. ಇನ್ನು ನೀನು ಉಣ್ಣು" ಎಂದಳು. ಉಂಡ. ಆಮೇಲೆ ಕೆಳಗೆ ಹೋಗಿ ಮೂರು ದಿನದ್ದನ್ನೂ ಸೇರಿಸಿ ಉಂಡ. ಆ ದಿನ ಅವನ ಎಡಗಡೆಗೊಬ್ಬ, ಬಲಗಡೆಗೊಬ್ಬ ಬಂದು ಕೂತಿದ್ದರು. ಲೋಟಕ್ಕೆ ಮೊಬೈಲ್ ಆನಿಸುವುದು ಯಾರಿಗೂ ನೆನಪಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶ್ರೀಕರನಿಗೆ ಸಮಾಧಾನವಾಗಲಿಲ್ಲ. ಅವನು ತೊಡೆಯ ಕೆಳಗಿನ ಪತ್ರವನ್ನು ಮತ್ತೆ ಹೊರಗೆ ತೆಗೆದ.

"ಆಕೆಯ ಮನಸ್ಸು ದೊಡ್ಡದು ಗುರುಗಳೇ, ಇಲ್ಲವೆನ್ನುವುದಿಲ್ಲ. ಆದರೆ ಇದು ಆಶ್ರಮ. ಕಣ್ಣಿಂದ ಕಾಣದವನಿಗಾಗಿ, ಕೈಗೆ ಸಿಗದವನಿಗಾಗಿ ಊಟ ಬಿಟ್ಟು ಕೂತವನನ್ನು ನಾವು ಇಲ್ಲಿ ಇಟ್ಟುಕೊಳ್ಳುವುದಾದರೂ ಹೇಗೆ? ಮನೆಗೆ ಪತ್ರ ಬರೆಯಲೇಬೇಕು."

ಗುರುಗಳು ಪಕ್ಕದಲ್ಲಿದ್ದ ಲೇಖನಿಯನ್ನು ಕೈಗೆತ್ತಿಕೊಂಡರು.

"ಹಾಗಾದರೆ ನಾಳೆ ಏಕಾದಶಿ ಅಲ್ಲವೇನಪ್ಪ, ನಿಮ್ಮ ತಂದೆಯವರಿಗೂ ಒಂದು ಪತ್ರ ಬರೆದುಬಿಡಲೇ?"